ಸೊನ್ನೆಯಾದರೂ ಉಂಟು

ನನ್ನ ಜಾಣತನದ ಬಗ್ಗೆ ನನಗೆ ಯಾವತ್ತೂ ಸಂಶಯ ಬಂದದ್ದಿಲ್ಲ. ಸಂಶಯವೆಲ್ಲ ಬರುವುದು ಗಿರಾಕಿಗಳಿಗೆ. ಟ್ಯಾಂಕಿಯಲ್ಲಿ ನೀರಿದೆಯೇ ಎಂದು ಫೋನಿಗೆ ಹೇಳುವ ಪೆಟ್ಟಿಗೆಯನ್ನು ಕುಂಬ್ರದ ಒಂದು ಕೋಣೆಯಲ್ಲಿ ಕೂತು ತಯಾರಿಸುವವನು ನಾನು. ಅದಕ್ಕೆ ಕಲಿಸಿದ್ದು ಎರಡೇ ಮಾತು: "ನೀರು ಉಂಟು", "ನೀರು ಇಲ್ಲ". ಪರೀಕ್ಷೆಗೆಂದು ಮೇಜಿನ ಮೇಲೆ ಟ್ಯಾಂಕಿ ಇಟ್ಟುಕೊಳ್ಳಲಾಗದ ಕಾರಣ ಪ್ರೋಗ್ರಾಮಿನಲ್ಲಿ 'ಟೆಸ್ಟ್' ಎಂಬ ಮ್ಯಾಕ್ರೊ, ಅಂದರೆ ಒಂದು ಗುರುತಿನ ಹೆಸರು, ಮಾಡಿದ್ದೆ. ಅದಿದ್ದರೆ ಪೆಟ್ಟಿಗೆ ಕಣ್ಣುಮುಚ್ಚಿ "ಉಂಟು" ಎನ್ನುತ್ತದೆ. ಇದಕ್ಕಾಗಿ ಪ್ರತಿಸಲ ಪ್ರೋಗ್ರಾಮನ್ನೇ ತಿದ್ದುವುದು ದಡ್ಡರ ಕೆಲಸ. ಜಾಣರು ಬಿಲ್ಡ್‌ನ, ಅಂದರೆ ಪ್ರೋಗ್ರಾಮನ್ನು ಪೆಟ್ಟಿಗೆಗೆ ಸಿದ್ಧಗೊಳಿಸುವ ಹೊತ್ತಿನ, ಕಾನ್ಫಿಗರೇಶನ್ ಫೈಲಿನಲ್ಲಿ 'ಟೆಸ್ಟ್ = 1' ಎಂದು ಒಂದು ಸಾಲು ಬರೆಯುತ್ತಾರೆ. ಪೆಟ್ಟಿಗೆ ಮಾರಾಟಕ್ಕೆ ಹೋಗುವ ಮೊದಲು ಆ ಸಾಲನ್ನು 'ಟೆಸ್ಟ್ = 0' ಎಂದು ತಿದ್ದಿದೆ. ಸೊನ್ನೆ ಎಂದರೆ ಇಲ್ಲ ಎಂದೇ ಅರ್ಥವಲ್ಲವೇ?

ಪಕ್ಕದ ಹಾರ್ಡ್‌ವೇರ್ ಅಂಗಡಿಯ ಅಬೂಬಕ್ಕರ್ ನನ್ನನ್ನು ಹೊಗಳಿ ಹತ್ತು ಮನೆಯವರನ್ನು ಒಪ್ಪಿಸಿದ್ದರು. ಮೊದಲ ಪೆಟ್ಟಿಗೆ ಮಂಡೆಕೋಲಿನಲ್ಲಿರುವ ಅವರ ತಂಗಿ ಐಸಮ್ಮನ ಮನೆಗೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೇ ಐಸಮ್ಮನ ಫೋನು ಬಂತು. "ನಿಮ್ಮ ಪೆಟ್ಟಿಗೆ ನೀರು ಉಂಟು ಅಂತ ಹೇಳ್ತದೆ, ನಳ್ಳಿ ಇಲ್ಲ ಅಂತ ಹೇಳ್ತದೆ. ಯಾರನ್ನು ನಂಬುದು ಮಾರಾಯ್ರೆ? ನೆಂಟರು ಕೈಗೆ ಸಾಬೂನು ಹಚ್ಚಿ ನಿಂತಿದ್ದಾರೆ!"

ಅಬೂಬಕ್ಕರ್ ಮುಖ ಸಣ್ಣದು ಮಾಡಿ ಬಂದರು. "ಸಂಜೆಯೊಳಗೆ ಇದು ನಿಜ ಹೇಳದಿದ್ದರೆ ಹತ್ತೂ ಆರ್ಡರ್ ಕ್ಯಾನ್ಸಲ್. ಹೋಗುದು ನನ್ನ ಮಾತಿನ ಬೆಲೆ." ನನಗೆ ನಿಜಕ್ಕೂ ನಾಚಿಕೆಯಾಯಿತು. ತಲೆ ಕೆರೆದು ಕೆರೆದು ಕೊನೆಗೆ ಗೊತ್ತಾಯಿತು: 'ಟೆಸ್ಟ್ ಎಷ್ಟು?' ಎಂದು ನನ್ನ ಪ್ರೋಗ್ರಾಮ್ ಕೇಳುತ್ತಲೇ ಇರಲಿಲ್ಲ. 'ಟೆಸ್ಟ್ ಎಂಬ ಹೆಸರು ಉಂಟಾ?' ಎಂದಷ್ಟೇ ಕೇಳುತ್ತಿತ್ತು. ಮುಂದೆ ಸೊನ್ನೆ ಬರೆದಿದ್ದರೂ ಹೆಸರು ಉಂಟಲ್ಲ!

"ಹಾಗಾದರೆ ನನ್ನ ಅಂಗಡಿ ಬೋರ್ಡಿನ ಹಾಗೆ," ಎಂದರು ಅಬೂಬಕ್ಕರ್. "ಬೋರ್ಡಲ್ಲಿ ಸಿಮೆಂಟ್ ಅಂತ ಉಂಟು. ಒಳಗೆ ಒಂದು ಚೀಲ ಇಲ್ಲ. ಜನ ಬೋರ್ಡ್ ನೋಡಿಯೇ ಬರುದು."

ಇಷ್ಟು ಚೆನ್ನಾಗಿ ನನಗೂ ವಿವರಿಸಲು ಬರುತ್ತಿರಲಿಲ್ಲ. ಆ ಸಾಲನ್ನೇ ಅಳಿಸಿ, ಹೊಸದಾಗಿ ಬಿಲ್ಡ್ ಮಾಡಿ, ಇಬ್ಬರೂ ಮಂಡೆಕೋಲಿಗೆ ಓಡಿದೆವು. ನೆಂಟರು ಬಾವಿಯ ನೀರಲ್ಲಿ ಕೈತೊಳೆದು, ಒಪ್ಪಿಗೆ ಹೇಳಿಯೇ ಹೋಗಿದ್ದರು. ಹೊಸ ಪ್ರೋಗ್ರಾಮ್ ತುಂಬಿಸಿದ ಪೆಟ್ಟಿಗೆ "ನೀರು ಇಲ್ಲ" ಎಂದಿತು. ಪಂಪು ಹಾಕಿದ ಮೇಲೆ "ನೀರು ಉಂಟು" ಎಂದಿತು. ಐಸಮ್ಮ ನಂಬಲಿಲ್ಲ, ಟ್ಯಾಂಕಿ ಪೂರ್ತಿ ಖಾಲಿ ಮಾಡಿಸಿ ಇನ್ನೊಮ್ಮೆ "ಇಲ್ಲ" ಎನ್ನಿಸಿದ ಮೇಲೆಯೇ ಚಹಾ ಕೊಟ್ಟರು. ಹತ್ತು ಮನೆಯೂ ಉಳಿಯಿತು.

ನಾವು ಹೊರಡುವಾಗ, ಅಣ್ಣನಿಂದ ಸೊನ್ನೆಯ ಕತೆ ಕೇಳಿದ್ದ ಐಸಮ್ಮ ಕೇಳಿದರು, "ನಿಮ್ಮ ಬಾಗಿಲಲ್ಲಿ ಇಂಜಿನಿಯರ್ ಅಂತ ಬೋರ್ಡ್ ಉಂಟಂತೆ. ಅದರ ಮುಂದೆ ಎಷ್ಟು ಬರೆದಿದ್ದೀರಿ?"

ನಾನು ಧೈರ್ಯವಾಗಿ "ಒಂದು" ಎಂದೆ. ಬೋರ್ಡು ಇನ್ನೂ ಅಲ್ಲೇ ಇದೆ. ಹೆಸರು ಇದ್ದರೆ ಸಾಕು, ಎಷ್ಟೆಂದು ಐಸಮ್ಮನನ್ನು ಬಿಟ್ಟು ಬೇರೆ ಯಾರೂ ಕೇಳುವುದಿಲ್ಲವಲ್ಲ.