ನಮ್ಮ ಪ್ರೆಸ್ಸಿನ ಫಾಂಟ್ ಕಪಾಟು

ಮುಂಬಯಿಯ ಜೋಗೇಶ್ವರಿಯ ನಮ್ಮ ಪ್ರೆಸ್ಸಿನಲ್ಲಿ ಕಾರ್ಡಿಗಿಂತ ಪ್ರಸಂಗಗಳೇ ಹೆಚ್ಚು ಅಚ್ಚಾಗುತ್ತವೆ. ಈಚಿನವಕ್ಕೆಲ್ಲ ನಾನೇ ಕಾರಣ ಎಂಬುದು ಯಜಮಾನರ ಅಭಿಪ್ರಾಯ. ನಾಲ್ಕೂ ಕಂಪ್ಯೂಟರಿನಿಂದ ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದವನು ನಾನು. "ಒಂದು ಮದುವೆ ಕಾರ್ಡ್ ಕೆಟ್ರೂ ನೀನೂ ಹೊರಗೆ, ನಿನ್ನ ಲಿನಕ್ಸೂ ಹೊರಗೆ" ಎಂದು ಅವರು ಮೊದಲ ದಿನವೇ ಹೇಳಿದ್ದರು.

೧. ಸವೆತ

ಒಂದು ಕಂಪ್ಯೂಟರಿನಲ್ಲಿ ಮಾಡಿದ ಕಾರ್ಡನ್ನು ಇನ್ನೊಂದರಲ್ಲಿ ತೆರೆದರೆ ಅಕ್ಷರಗಳ ಬದಲು ಖಾಲಿ ಚೌಕಗಳು ಬರುತ್ತಿದ್ದವು. ಅದಕ್ಕೆ ಎಲ್ಲ ಫಾಂಟುಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಎಲ್ಲರಿಗೂ ಅಲ್ಲಿಂದಲೇ ಸಿಗುವಂತೆ ಮಾಡಿದೆ. ಚೆಂಬೂರಿನಿಂದ ಎರಡು ಲೋಕಲ್ ರೈಲು ಬದಲಿಸಿ ಕೆಲಸಕ್ಕೆ ಬರುವ, ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯರು ಮಾತ್ರ ಒಪ್ಪಲಿಲ್ಲ. ಅವರು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದವರು.

"ಎಲ್ಲರೂ ಮುಟ್ಟಿದ್ರೆ ಅಕ್ಷರ ಸವೀತದೆ ಮಾರಾಯ."

"ಅಕ್ಕಾ, ಇದು ಫೈಲು. ಸವೆಯೋದಿಲ್ಲ."

"ಸೀಸ ತಂದಾಗ್ಲೂ ಹಾಗೇ ಹೇಳಿದ್ರು."

ಅವರು ತಮ್ಮ ಫಾಂಟುಗಳ ಪ್ರತಿಗಳನ್ನು ಊಟದ ಡಬ್ಬಿಯ ಹಾಗೆ ತಮ್ಮ ಕಂಪ್ಯೂಟರಿನಲ್ಲೇ ಬೇರೆ ಇಟ್ಟುಕೊಂಡರು. ವಾರಕ್ಕೊಮ್ಮೆ ನನ್ನ ಪರದೆಗೆ ಬಗ್ಗಿ, "ನಿನ್ನ 'ಕ' ಸ್ವಲ್ಪ ಸವೆದಿದೆ ಅಲ್ವಾ?" ಎನ್ನುತ್ತಾರೆ. ಈಚೆಗೆ ನನಗೂ ಹಾಗೇ ಕಾಣುತ್ತಿದೆ.

೨. ಅನುಮತಿ

ಯಾರೂ ಕೈಯಾಡಿಸದಿರಲೆಂದು ಆ ಫೋಲ್ಡರಿಗೆ ಒಂದು ಕಟ್ಟುಪಾಡು ಮಾಡಿದ್ದೆ. ಬಳಸಬಹುದು, ಬದಲಿಸುವಂತಿಲ್ಲ. ಒಂದು ದಿನ ಯಜಮಾನರು ಯಾರೋ ಕೊಟ್ಟ ಫಾಂಟನ್ನು ಅಲ್ಲಿ ಹಾಕಲು ಹೋದರು. ಅನುಮತಿ ಇಲ್ಲ ಎಂದು ಬಂತು.

"ಹೊರಗೆ ಬೋರ್ಡಿನಲ್ಲಿ ಹೆಸರು ನನ್ನದು. ಅನುಮತಿ ಕೊಡುವವ ಯಾರು?"

"ರೂಟ್ ಅಂತ, ಸಾರ್."

"ಕರಿ ಅವನನ್ನ."

ರೂಟ್ ಅಂದರೆ ಲಿನಕ್ಸಿನಲ್ಲಿ ಎಲ್ಲ ಅಧಿಕಾರವಿರುವ ಖಾತೆ; ಅದರ ಪಾಸ್‌ವರ್ಡ್ ಕೊಡದೆ ಗತಿಯಿರಲಿಲ್ಲ. ಅವರು ಅದನ್ನು ಚೀಟಿಯಲ್ಲಿ ಬರೆದು ದೇವರ ಫೋಟೋದ ಪಕ್ಕಕ್ಕೆ ಅಂಟಿಸಿದರು. ಎಲ್ಲರೂ ಓದುತ್ತಾರಲ್ಲ ಎಂದೆ.

"ಟೆನ್ಶನ್ ಮಾಡ್ಬೇಡ. ಅಲ್ಲಿ ಎಲ್ಲರೂ ಕಣ್ಣು ಮುಚ್ಚಿಯೇ ನಿಲ್ಲೋದು."

೩. ಆಯುಧ ಪೂಜೆ

ಆಯುಧ ಪೂಜೆಯ ಹಿಂದಿನ ದಿನ ಘಾಟ್ಕೋಪರಿನಲ್ಲಿ ಹೋಟೆಲ್ ಇಟ್ಟಿರುವವರೊಬ್ಬರು ಬಂದು ಕೂತರು. ಮಗಳ ಮದುವೆಯ ಮೊದಲ ಕಾರ್ಡನ್ನು ಊರ ದೇವರ ಮುಂದಿಡಬೇಕು, ಮಧ್ಯಾಹ್ನಕ್ಕೇ ರೈಲು. ಪ್ರಿಂಟ್ ತೆಗೆದೆ. ಮದುಮಕ್ಕಳು ಮಾತ್ರವಲ್ಲ, ಕರೆಯುವವರ ಪಟ್ಟಿಯಲ್ಲಿದ್ದ ಅಷ್ಟೂ ನೆಂಟರು ದಪ್ಪ ಅಕ್ಷರದಲ್ಲಿದ್ದರು.

"ಪೂಜೆಗೆ ಅಂತ ನಾನೇ ಫೋಲ್ಡರ್ ಕ್ಲೀನ್ ಮಾಡಿದೆ" ಎಂದರು ಯಜಮಾನರು. "ಒಂದೇ ಹೆಸರಿನವು ಮೂರು ಮೂರು ಇತ್ತು. ಮೊದಲಿನದ್ದು ಇಟ್ಟೆ, ಉಳಿದದ್ದು ತೆಗೆದೆ."

ಅವು ಒಂದೇ ಫಾಂಟಿನ ದಪ್ಪ, ಓರೆ, ಸಪೂರ ರೂಪಗಳು; ಇಂಗ್ಲಿಷ್ ಅಕ್ಷರಕ್ರಮದ ಪಟ್ಟಿಯಲ್ಲಿ ಮೊದಲು ಬರುವುದು ಬೋಲ್ಡ್, ಅಂದರೆ ದಪ್ಪದ್ದು. ನನ್ನ ಬ್ಯಾಕಪ್ ಪ್ರತಿಗಳೂ ಅದೇ ಫೋಲ್ಡರಿನಲ್ಲಿದ್ದು ಅಳಿಸಿಹೋಗಿದ್ದವು, ಹೇಳಲು ನಾಚಿಕೆಯಾಗುತ್ತದೆ. ಯಜಮಾನರು ಮೆಲ್ಲಗೆ, "ಒಂದು ಕಾರ್ಡ್ ಕೆಟ್ರೂ ಅಂತ ಹೇಳಿದ್ದೆ ಅಲ್ವಾ?" ಎಂದರು.

ಹೋಟೆಲಿನವರು ಎರಡು ಸಲ ಓದಿದರು. "ಅಣ್ಣನ ಹೆಸರು ದಪ್ಪ, ಭಾವನದ್ದು ಸಪೂರ ಅಂತ ಮನೆಯಲ್ಲಿ ಒಂದು ತಿಂಗಳಿಂದ ಜಗಳ. ಇನ್ನು ಯಾರೂ ಬಾಯಿ ತೆಗೀಲಿಕ್ಕಿಲ್ಲ. ಹೀಗೇ ಇರ್ಲಿ!" ಮತ್ತೆ ಸ್ವಲ್ಪ ಯೋಚಿಸಿದರು. "ಆದ್ರೆ ಮದುಮಕ್ಕಳು ಎದ್ದು ಕಾಣ್ಬೇಕಲ್ಲ? ಅವರಿಬ್ಬರನ್ನ ಮಾತ್ರ ಸಪೂರ ಮಾಡಿ."

ಸಪೂರ ಅಕ್ಷರ ಪ್ರೆಸ್ಸಿನಲ್ಲಿ ಉಳಿದದ್ದು ಒಂದೇ ಕಡೆ. ಅಕ್ಕ ತಮ್ಮ ಕಂಪ್ಯೂಟರಿನಲ್ಲಿ ಎರಡು ಹೆಸರು ತಿದ್ದಿ, ಬಿಸಿಬಿಸಿ ಕಾರ್ಡನ್ನು ಹೋಟೆಲಿನವರ ಕೈಗಿತ್ತರು.

"ಸರಿಯಾಗಿ ನೋಡಿ" ಎಂದರು. "ಯಾರೂ ಮುಟ್ಟದ್ದು. ಒಂಚೂರೂ ಸವೆದಿಲ್ಲ."