ನಲವತ್ತೆರಡು ಡಬ್ಬಿಗಳ ವಿದ್ಯಾದಾನ

ಸಂಜೆಯ ರೈಲು ಮಾಲೂರು ದಾಟುವ ಹೊತ್ತಿಗೆ ಚಲಪತಿಯ ಮಗಳು ಆರುನೂರಕ್ಕೆ ಐನೂರ ತೊಂಬತ್ತೆರಡು ಅಂಕ ತೆಗೆದಿದ್ದಳು. ಟೇಕಲ್ ಬರುವ ಹೊತ್ತಿಗೆ ಅಷ್ಟೂ ಅಂಕ ಬೇರೆಯವರ ಮಗನ ಪಾಲಾಯಿತು!

ದ್ವಿತೀಯ ಪಿಯುಸಿ ಫಲಿತಾಂಶ ಮಧ್ಯಾಹ್ನವೇ ಬಂದಿತ್ತು. ಬೆಂಗಳೂರಿನ ಕಚೇರಿಯಲ್ಲಿ ಮೇಲಧಿಕಾರಿಯ ಕಣ್ಣು ತಪ್ಪಿಸಲಾಗದೆ ಚಲಪತಿ ರೈಲು ಹತ್ತಿದ ಮೇಲೆಯೇ ಫೋನ್ ತೆಗೆದದ್ದು. ನೋಂದಣಿ ಸಂಖ್ಯೆ ಒತ್ತಿದ. ಅಂಕ ಕಂಡಿತು. ಹೆಸರು ನೋಡುವಷ್ಟು ವ್ಯವಧಾನ ಯಾವ ತಂದೆಗಿರುತ್ತದೆ? "ನನ್ನ ಮಗಳು! ಬಯಾಲಜಿ ನೂರಕ್ಕೆ ನೂರು!" ಎಂದು ಬೋಗಿಗೇ ಸಾರಿದ. ವಡೆ ಮಾರುವವನ ಬುಟ್ಟಿಯನ್ನು ಅಲ್ಲೇ ಖಾಲಿ ಮಾಡಿಸಿದ. ವಡೆಗಳೆಲ್ಲ ಹಿಂತಿರುಗಿ ಬಾರದ ಜಾಗ ಸೇರಿದ ಮೇಲೆ, ಹದಿನೆಂಟು ವರ್ಷಗಳ ಸಹಪ್ರಯಾಣಿಕ, ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ ಕಡೆಯ ಕುಪ್ಪುಸ್ವಾಮಿ ಕನ್ನಡಕ ಏರಿಸಿ ಫೋನ್ ಇಸಿದುಕೊಂಡ.

"ಎನ್ನಪ್ಪಾ ಚಲಪತಿ, ನಿನ್ ಮಗಳ ಹೆಸರು ಸಾಯಿಕುಮಾರಾ?"

ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಒಂದರ ಬದಲು ಏಳಾಗಿತ್ತು. ಬೋಗಿಯಲ್ಲಿ ಎದ್ದ ನಗು ಬಂಗಾರಪೇಟೆಯಲ್ಲಿ ಇಳಿದ ಮೇಲೂ ಅವನ ಬೆನ್ನು ಬಿಡಲಿಲ್ಲ. ಪ್ಲಾಟ್‌ಫಾರ್ಮಿನಿಂದಲೇ ಮನೆಗೆ ಫೋನ್ ಹಚ್ಚಿದ.

"ನಾನು ಮಧ್ಯಾಹ್ನಾನೇ ನೋಡ್ದೆ ಅಪ್ಪ. ನಾನೂರ ಎಪ್ಪತ್ತೊಂದು," ಎಂದಳು ಮಗಳು ಅಂಬಿಕ. "ನೀನೇ ನೋಡಿ ಏಳ್ತೀನಿ ಅಂದಿದ್ದಲ್ಲ, ಅದುಕ್ಕೆ ಸುಮ್ನಿದ್ದೆ."

ಅಂಬಿಕಳಿಗೆ ಬೇಕಾಗಿದ್ದದ್ದು ಒಂದೇ, ಕೃಷಿ ಬಿಎಸ್ಸಿ. ಇಂಜಿನಿಯರಿಂಗ್ ಅಂದರೆ ಮೂಗು ಮುರಿಯುತ್ತಿದ್ದಳು. ನಾನೂರ ಎಪ್ಪತ್ತೊಂದರ ಬಲದಲ್ಲಿ ನೇರ ಬಾಗಿಲಿನಿಂದ ಆ ಕಾಲೇಜಿನೊಳಗೆ ಹೋಗುವುದು ಕಷ್ಟವಿತ್ತು. ಉಳಿದದ್ದು ರೈತರ ಮಕ್ಕಳ ಕೋಟಾ. ಅದಕ್ಕೆ ಬೇರೆಯೇ ಒಂದು ಪ್ರಾಯೋಗಿಕ ಪರೀಕ್ಷೆ. ಮೇಜಿನ ಮೇಲಿಟ್ಟ ಬೀಜ, ಗೊಬ್ಬರ, ಸಲಕರಣೆ ನೋಡಿ ಹೆಸರು ಬರೆಯಬೇಕು. ಅದರಲ್ಲಿ ಒಳ್ಳೆಯ ಅಂಕ ಬಂದರೆ ಸೀಟು. ಬಾರದಿದ್ದರೆ ಕನಸಿಗೆ ಎಳ್ಳುನೀರು.

"ಇದರ ಜವಾಬ್ದಾರಿ ನಂದು!" ಎಂದು ಚಲಪತಿ ಮುದ್ದೆ ಮುರಿಯುತ್ತ ಘೋಷಿಸಿದ. "ಯಾವ ಕೋಚಿಂಗೂ ಬೇಡ. ರೈತನ ಮಗ ನಾನು! ಬೇಸಾಯ ನನ್ನ ರಕ್ತದಲ್ಲೇ ಇದೆ!"

"ರಕ್ತದಲ್ಲಿರೋದು ಶುಗರ್ರು ಕಣ್ರೀ. ಓದ್ ತಿಂಗಳು ಡಾಕ್ಟ್ರೇ ಏಳಿದ್ರು," ಎಂದಳು ಹೆಂಡತಿ ಸುಮಲತ.

ಸತ್ಯ ಸುಮಲತಳ ಕಡೆಗಿತ್ತು. ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದರೂ ಚಲಪತಿ ಆರನೇ ವಯಸ್ಸಿಗೇ ಕೆಜಿಎಫ್‌ನ ಸೋದರಮಾವನ ಮನೆ ಸೇರಿ ಕಾನ್ವೆಂಟಿನಲ್ಲಿ ಓದಿದವನು. ಡ್ಯಾಫೊಡಿಲ್ ಹೂವಿನ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಬಲ್ಲ. ಹುಚ್ಚೆಳ್ಳಿನ ಹೂ ಕಂಡರೆ ಸೂರ್ಯಕಾಂತಿಯ ಮರಿ ಎನ್ನುತ್ತಾನೆ. ಮನೆಯ ಎರಡು ಎಕರೆ, ಮೂರು ಹಸು, ಎಲ್ಲವೂ ತಾಯಿ ಅಕ್ಕಯ್ಯಮ್ಮ ಮತ್ತು ಸುಮಲತಳ ಸುಪರ್ದಿ. ಅವನು ಹೊಲ ಕಂಡದ್ದು ಹೆಚ್ಚಾಗಿ ರೈಲಿನ ಕಿಟಕಿಯಿಂದ, ಅದೂ ಬೇರೆಯವರದ್ದು. ಆದರೇನು? ಬೀಜಗಣಿತದಲ್ಲಿ ಬಹುಮಾನ ಪಡೆದವನಿಗೆ ಬರೀ ಬೀಜ ಒಂದು ಲೆಕ್ಕವೇ?

ಮೂರು ದಿನ ಕಚೇರಿಯ ಊಟದ ಬಿಡುವಿನಲ್ಲಿ ದಿನಸಿ ಅಂಗಡಿ, ಬೀಜದ ಅಂಗಡಿಗಳನ್ನು ಸುತ್ತಿ ನಲವತ್ತೆರಡು ಬಗೆಯ ಬೀಜ ಕೂಡಿಹಾಕಿದ. ಒಂದೊಂದೂ ಕಾಗದದ ಪೊಟ್ಟಣದಲ್ಲಿ. ಒಳಗೆ ಅಂಗಡಿಯವನೇ ಹೆಸರು ಬರೆದ ಚೀಟಿ. ಎಲ್ಲವನ್ನೂ ಚೀಲಕ್ಕೆ ತುಂಬಿ, ಸಂಜೆ ರೈಲಿನ ಸೀಟಿನ ಮೇಲಿಟ್ಟು, ತಾನು ಪಕ್ಕದಲ್ಲಿ ಕಾವಲು ಕೂತ. ಕಿಟಕಿ ಎಳೆಯಲೆಂದು ಒಂದೇ ಕ್ಷಣ ಅತ್ತ ತಿರುಗಿದ. ಅಷ್ಟರಲ್ಲಿ ಕುಪ್ಪುಸ್ವಾಮಿ ಬಂದು ಕೂತ. ಕುಪ್ಪುಸ್ವಾಮಿ ತೊಂಬತ್ತೆಂಟು ಕೆಜಿ. ಕೆಜಿಎಫ್‌ನ ಹೆಸರಿನಲ್ಲಿರುವ ಕೆಜಿಯೆಲ್ಲ ಅವನದೇ.

ಪೊಟ್ಟಣಗಳು ಪಟಪಟ ಒಡೆದು ಬೀಜವೆಲ್ಲ ಬೆರೆತವು.

"ಅಯ್ಯೋ ಎದ್ದೇಳಯ್ಯಾ! ನನ್ನ ಮಗಳ ಸೀಟಿನ ಮೇಲೆ ಕೂತಿದೀಯ!"

"ನಿನ್ ಮಗಳು ಎಲ್ಲಿದಾಳಪ್ಪಾ? ಖಾಲಿ ಇತ್ತು, ಕೂತೆ. ರೈಲ್ವೆ ಸೀಟಿಗೂ ಕೋಟಾನಾ?"

ಭಾನುವಾರ ಚಲಪತಿ ಜಗಲಿಯ ಮೇಲೆ ಮೊರ, ಜರಡಿ, ಟೀ ಸೋಸುವ ಜಾಲರಿ ಹಿಡಿದು ಕೂತ. ಗಾತ್ರ, ಬಣ್ಣ ನೋಡಿ ಬೀಜಗಳನ್ನೇನೋ ಬೇರೆ ಬೇರೆ ಮಾಡಿದ. ನಲವತ್ತೆರಡು ಪ್ಲಾಸ್ಟಿಕ್ ಡಬ್ಬಿ ತುಂಬಿದವು. ನಲವತ್ತೆರಡು ಚೀಟಿಗಳೂ ಇದ್ದವು. ಆದರೆ ಯಾವ ಚೀಟಿ ಯಾವ ಡಬ್ಬಿಗೆ?

ಅಕ್ಕಯ್ಯಮ್ಮ ಬಂದು ಇಣುಕಿದಳು. "ಏನ್ಲಾ ಚಲಪತಿ ಅದು, ಮಕ್ಳಾಟ? ತತ್ತಾ ಇಲ್ಲಿ, ಯಾವ್ದು ಏನು ಅಂತ ನಾನೇಳ್ತೀನಿ."

"ಬೇಡಮ್ಮ. ಇದು ವಿಶ್ವವಿದ್ಯಾಲಯದ ಮಟ್ಟದ್ದು. ಸೈಂಟಿಫಿಕ್!"

"ಬೀಜ ಬೀಜವೇ ಅಲ್ಲೇನ್ಲಾ? ಅದ್ಯಾವಾಗ ಕಾಲೇಜಿಗ್ ಓಗಿತ್ತು?"

ಜವಾಬ್ದಾರಿ ನಂದು ಎಂದವನು ತಾಯಿಯನ್ನು ಕೇಳುವುದೇ? ಅದೂ ಹೆಂಡತಿಯ ಎದುರು? ರಾಗಿ, ಅವರೆ, ಕಡಲೆಕಾಯಿ, ಮೆಕ್ಕೆಜೋಳ ಅವನಿಗೂ ಗೊತ್ತಿದ್ದವು. ಅಷ್ಟೂ ಗೊತ್ತಿಲ್ಲದಿದ್ದರೆ ಕೋಲಾರ ಜಿಲ್ಲೆಯವನೆಂದು ಹೇಳಿಕೊಳ್ಳುವುದು ಹೇಗೆ? ಉಳಿದದ್ದಕ್ಕೆ ತಾನೇ ಒಂದು ಶಾಸ್ತ್ರ ಕಟ್ಟಿದ. ಉದ್ದ ಹೆಸರಿಗೆ ದಪ್ಪ ಬೀಜ, ಗಿಡ್ಡ ಹೆಸರಿಗೆ ಸಣ್ಣ ಬೀಜ. ಅದಕ್ಕೂ ಬಗ್ಗದ ಬೀಜಗಳಿಗೆ ಅವುಗಳ ಮುಖಭಾವ ನೋಡಿ ನಾಮಕರಣ ಮಾಡಿದ. ಚೀಟಿಗಳನ್ನು ಡಬ್ಬಿಯ ತಳಕ್ಕೆ ಅಂಟಿಸಿ, ಕೈ ಒರೆಸಿಕೊಂಡ. ಬೇರ್ಪಡಿಸಲಾಗದೆ ಉಳಿದ ಕಾಳುಗಳನ್ನು ಅಕ್ಕಯ್ಯಮ್ಮ ನೆನೆಹಾಕಿ ಮೊಳಕೆ ಬರಿಸಿ ಸಾರು ಮಾಡಿದಳು. ಕಾಳು ಅಜ್ಜಿಯದು, ಕಾಳಜಿ ಅಪ್ಪನದು! ಆ ಇಡೀ ಯೋಜನೆಯಲ್ಲಿ ನೂರಕ್ಕೆ ನೂರು ಬಂದದ್ದು ಆ ಸಾರಿಗೆ ಮಾತ್ರ.

ಮರುದಿನ ಸಂಜೆ ಮೊದಲ ಪರೀಕ್ಷೆ. ಚಲಪತಿ ಕೆಂಪು ಪೆನ್ನು ಹಿಡಿದು ಕಾನ್ವೆಂಟಿನ ಮದರ್ ಹಾಗೆ ನೆಟ್ಟಗೆ ಕೂತ.

"ಇದೇನು?"

"ನವಣೆ," ಎಂದಳು ಅಂಬಿಕ.

ಡಬ್ಬಿಯ ತಳ ನೋಡಿದ. "ತಪ್ಪು. ಸಾಮೆ."

"ಅಪ್ಪ, ಇದು ನವಣೇನೇ..."

"ಚೀಟಿ ಸುಳ್ಳು ಹೇಳುತ್ತಾ? ಮುಂದಿನದು."

"ಈರುಳ್ಳಿ ಬೀಜ."

"ತಪ್ಪು! ಹುಚ್ಚೆಳ್ಳು!"

"ಅಪ್ಪಾ..."

"ವಾದ ಮಾಡಬಾರದು. ವಾದ ಮಾಡಿದ್ರೆ ಸೀಟು ಸಿಗಲ್ಲ, ಲಾ ಕಾಲೇಜು ಸಿಗುತ್ತೆ!"

ನಲವತ್ತೆರಡಕ್ಕೆ ಹದಿನಾರು. ಚಲಪತಿ ಕೆಂಪು ಪೆನ್ನು ಕೆಳಗಿಟ್ಟ. ಹೊಲದ ಮಧ್ಯೆ ಬೆಳೆದ ಹುಡುಗಿಗೆ ನವಣೆ ಸಾಮೆ ಗೊತ್ತಿಲ್ಲ! ನಾನು ಬೆಳಗಾದರೆ ರೈಲು, ಸಂಜೆಯಾದರೆ ರೈಲು ಅಂತ ಮಗಳನ್ನು ಗಮನಿಸದೇ ಹೋದೆನಲ್ಲ! ಅಂದು ರಾತ್ರಿ ಅವನು ಮುದ್ದೆ ಮುಟ್ಟಲಿಲ್ಲ. ತಟ್ಟೆ ಸರಿಸಿ ಎದ್ದ.

"ಎಲ್ಲಾ ನನ್ನ ತಪ್ಪು ಸುಮಾ. ಈ ಮಗೂಗೆ ಸೀಟು ಸಿಗದಿದ್ರೆ ನಾನು ಯಾವ ಮುಖ ಇಟ್ಕೊಂಡು ಅಪ್ಪ ಅನ್ನಿಸ್ಕೊಳ್ಳಲಿ?" ಎನ್ನುವಾಗ ದನಿ ನಿಜವಾಗಿಯೂ ಒಡೆಯಿತು. ಸುಮಲತ ಏನೋ ಹೇಳಲು ಬಾಯಿ ತೆರೆದಳು. ಗಂಡನ ಮುಖ ನೋಡಿದಳು. ಮಗಳ ಮುಖ ನೋಡಿದಳು. ಬಾಯಿ ಮುಚ್ಚಿದಳು.

ಆಮೇಲೆ ನಡೆದದ್ದು ಪವಾಡ! ಮೂರು ದಿನಕ್ಕೆ ಇಪ್ಪತ್ತೇಳು. ವಾರಕ್ಕೆ ಮೂವತ್ತೈದು. ಹನ್ನೆರಡನೇ ದಿನ ನಲವತ್ತೆರಡಕ್ಕೆ ನಲವತ್ತೆರಡು! ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತ ಕಿಟಕಿಯಲ್ಲಿ ನೋಡಿದರೆ, ದನದ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸುಮಲತಳ ಪಕ್ಕ ಅಂಬಿಕ ಕುಕ್ಕರುಗಾಲಲ್ಲಿ ಕೂತು ಬೀಜಗಳ ಹೆಸರು ಗುನುಗುತ್ತಿದ್ದಳು. ತನ್ನ ಪಾಠ ಕೊಟ್ಟಿಗೆಯವರೆಗೂ ಹಬ್ಬಿದ್ದು ಕಂಡು ಚಲಪತಿಯ ಕಣ್ಣು ತುಂಬಿ, ಬ್ಲೇಡು ಗಲ್ಲ ಕೊಯ್ದಿತು.

"ಕೋಚಿಂಗ್ ಸೆಂಟರ್ ತೆಗೀತೀನಿ," ಎಂದ ರೈಲಿನಲ್ಲಿ, ಗಲ್ಲದ ಪ್ಲಾಸ್ಟರ್ ಸವರುತ್ತ. "ಚಲಪತಿ ಕೃಷಿ ಅಕಾಡೆಮಿ."

"ಮೊದಲು ನಿನ್ ಗಡ್ಡದ ಬೆಳೆ ಸರಿಯಾಗಿ ಕೊಯ್ಯೋದು ಕಲೀಪ್ಪಾ," ಎಂದ ಕುಪ್ಪುಸ್ವಾಮಿ.

ಪರೀಕ್ಷೆಯ ದಿನ ಬಂತು. ಚಲಪತಿ ರಜೆ ಹಾಕಿ ಮಗಳನ್ನು ಬೆಂಗಳೂರಿನ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದ. ಡಬ್ಬಿಗಳ ಚೀಲವೂ ಜೊತೆಗೆ ಬಂತು, ಕೊನೆಯ ಗಳಿಗೆಯ ಮನನಕ್ಕೆ. ಗೇಟಿನಲ್ಲಿ ಮಗಳ ತಲೆ ಸವರಿ, "ಅನುಮಾನ ಬಂದ್ರೆ ಯೋಚ್ನೆ ಮಾಡ್ಬೇಡ, ನಾನು ಹೇಳಿಕೊಟ್ಟದ್ದೇ ಬರಿ," ಎಂದ. ಅಂಬಿಕ ತಲೆಯಾಡಿಸಿ ಒಳಗೆ ಹೋದಳು.

ಹೊರಗೆ ಬೇವಿನ ಮರದ ನೆರಳಲ್ಲಿ ತಂದೆತಾಯಂದಿರ ಸಂತೆ. ಪಕ್ಕದಲ್ಲಿ ಶ್ರೀನಿವಾಸಪುರದ ಕಡೆಯ ಕದಿರಮ್ಮ ಎಂಬಾಕೆ ಎಲೆಅಡಿಕೆ ಮೆಲ್ಲುತ್ತ ಕೂತಿದ್ದಳು. ಮಗ ಒಳಗೆ ಪರೀಕ್ಷೆ ಬರೆಯುತ್ತಿದ್ದ. "ನಿಮ್ಮ ಮಗನಿಗೆ ಯಾರು ಕೋಚಿಂಗು?" ಎಂದು ಚಲಪತಿ ಗತ್ತಿನಿಂದ ಕೇಳಿದ.

"ಏನ್ ಕೋಚಿಂಗು ಸ್ವಾಮಿ? ಬಿತ್ತಿದ್ದು, ಕಳೆ ಕಿತ್ತಿದ್ದು ಅಷ್ಟೇಯ."

"ಅಯ್ಯೋ, ಹಾಗಲ್ಲಮ್ಮ. ಪದ್ಧತಿ ಬೇಕು!" ಎಂದವನು ಚೀಲ ಬಿಚ್ಚಿದ. "ಇದು ನೋಡಿ, ಸಾಮೆ."

ಕದಿರಮ್ಮ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡಳು. "ನವಣೆ ಕಣ್ ಸ್ವಾಮಿ."

"ಇದು ಹುಚ್ಚೆಳ್ಳು."

"ಈರುಳ್ಳಿ ಬೀಜ."

"ಇದು... ಟೊಮೇಟೊ?"

"ಅಯ್ಯೋ ನಮ್ಮಪ್ಪ! ಬದನೆ! ಕೋಲಾರದೋರಾಗಿ ಟೊಮೇಟೊ ಬೀಜ ಗೊತ್ತಿಲ್ವಾ? ಯಾರ್ ಸ್ವಾಮಿ ನಿಮ್ಗೆ ಈ ಚೀಟಿ ಅಂಟ್ಸಿಕೊಟ್ಟೋರು? ಅವರ ಕೈ ಬಿದ್ದೋಗ!"

ಚಲಪತಿ ತನ್ನ ಕೈಗಳನ್ನು ಮೆಲ್ಲನೆ ಬೆನ್ನ ಹಿಂದೆ ಕಟ್ಟಿಕೊಂಡ. ಬೇವಿನ ನೆರಳಲ್ಲೂ ಬೆವರು ಕಿತ್ತುಬಂತು. ಹದಿನಾರಕ್ಕೆ ನಿಲ್ಲಬೇಕಿದ್ದ ಮಗಳನ್ನು ನಲವತ್ತೆರಡರವರೆಗೆ ಹಾಳು ಮಾಡಿದ್ದ! ಬಿಟ್ಟಿದ್ದರೆ ಸರಿ ಬರೆಯುತ್ತಿದ್ದವಳಿಗೆ ಹನ್ನೆರಡು ದಿನ ಕೂತು ತಪ್ಪನ್ನು ತಿದ್ದಿ ತೀಡಿ ಕಲಿಸಿದ್ದ. ಗೇಟಿಗೆ ಓಡಿದ.

"ಒಳಗೆ ನನ್ನ ಮಗಳಿದಾಳೆ! ಒಂದೇ ಮಾತು ಹೇಳ್ಬೇಕು!"

"ಏನ್ ಮಾತು?" ಎಂದ ಕಾವಲುಗಾರ.

"ಅಪ್ಪನ ಮಾತು ಕೇಳ್ಬೇಡ ಅಂತ!"

"ಅದನ್ನ ಮಕ್ಳಿಗೆ ಹೇಳಿಕೊಡ್ಬೇಕಾ ಸಾರ್? ಓಗಿ, ಮರದ ಕೆಳಗೆ ಕೂತ್ಕೊಳ್ಳಿ."

ಮುಂದಿನ ಒಂದು ಗಂಟೆ ಚಲಪತಿ ಕೂತಲ್ಲಿ ಕೂರಲಿಲ್ಲ. ಬಾಗಿಲು ತೆರೆದು ಅಂಬಿಕ ಹೊರಬಂದದ್ದೇ ಅವಳ ಎರಡೂ ಕೈ ಹಿಡಿದುಕೊಂಡ.

"ನನ್ನನ್ನ ಕ್ಷಮಿಸಮ್ಮ. ಚೀಟಿಗಳೆಲ್ಲ ತಪ್ಪು. ನನಗೆ ಗೊತ್ತಿರ್ಲಿಲ್ಲ, ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು. ನಿನ್ನ ಸೀಟು ನಾನೇ ಕಳೆದೆ."

ಅಂಬಿಕ ಗಾಬರಿಯಾಗಿ ಅಪ್ಪನನ್ನೂ ಪಕ್ಕದ ಕದಿರಮ್ಮನನ್ನೂ ನೋಡಿದಳು. ಕದಿರಮ್ಮ ಒಂದೊಂದೇ ಡಬ್ಬಿ ತೆರೆದು ಅವಳ ಮುಂದೆ ಹಿಡಿದಳು.

"ನವಣೆ. ಈರುಳ್ಳಿ ಬೀಜ. ಬದನೆ. ಕುಸುಬೆ. ಅಗಸೆ. ಹರಳು," ಎಂದು ಅಂಬಿಕ ನೀರು ಕುಡಿದಂತೆ ಹೇಳುತ್ತ ಹೋದಳು. "ಒಳಗೂ ಎಲ್ಲಾ ಬರೆದಿದೀನಿ ಅಪ್ಪ. ಒಂದೋ ಎರಡೋ ತಪ್ಪಿರಬೋದು ಅಷ್ಟೆ."

"ಭೇಷ್ ಕಣಮ್ಮಿ! ಸೀಟು ಸಿಕ್ಕೇ ಸಿಗ್ತದೆ," ಎಂದಳು ಕದಿರಮ್ಮ.

ಚಲಪತಿಗೆ ಹೋದ ಜೀವ ಬಂತು. ಜೀವದ ಹಿಂದೆಯೇ ಗುಮಾನಿಯೂ ಬಂತು.

"ಇರು, ಇರು. ಇದೆಲ್ಲಾ ಮೊದಲೇ ಗೊತ್ತಿತ್ತು ಅಂದ್ಮೇಲೆ ನನ್ನ ಟೆಸ್ಟಲ್ಲಿ ನಲವತ್ತೆರಡಕ್ಕೆ ನಲವತ್ತೆರಡು ಹೆಂಗೆ ತಗೊಂಡೆ?"

ಅಂಬಿಕ ದುಪಟ್ಟಾದ ತುದಿ ತಿರುವಿದಳು.

"ಕಷ್ಟ ಆಗಿದ್ದೇ ಅದು ಅಪ್ಪ. ಮಾರ್ಕ್ಸ್ ಕಮ್ಮಿ ಬಂದ್ರೆ ನೀನು ಊಟ ಬಿಡ್ತೀಯ ಅಂತ, ದಿನಾ ಬೆಳಿಗ್ಗೆ ಕೊಟ್ಟಿಗೇಲಿ ಆಲು ಕರೆಯೋವಾಗ ಅಮ್ಮ ನಿನ್ನ ತಪ್ಪನ್ನೆಲ್ಲಾ ಬಾಯಿಪಾಠ ಮಾಡಿಸ್ತಿದ್ರು."