ಹುಲಿಗವ್ವನ ಕಟ್ಟೆಗೊಂದು ಬಾಗಿಲು

ಸತ್ತ ಅವ್ವನ ಫೋಟೋದ ಕೆಳಗೆ ಯಾರೋ ಪುಣ್ಯಾತ್ಮ "ಬೋರ್‌ವೆಲ್ ಕೊರೆಸಬೇಕೆ? ಸಂಪರ್ಕಿಸಿ" ಎಂದು ಬರೆದಿದ್ದ. ನೋಡಿದ್ದೇ ತಡ, ಕಾಶಿನಾಥನಿಗೆ ಪಿತ್ತ ನೆತ್ತಿಗೇರಿತು.

ಭಾಗ್ಯನಗರದ ಈ ಕಾಶಿನಾಥ ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಹುಟ್ಟೂರು ಮರಳಿಯ ಹಳೇ ಮನೆಯನ್ನು ಅಣ್ಣತಮ್ಮಂದಿರು ಕೆಡವಿ ಹೊಸದು ಕಟ್ಟಿದಾಗ, ಅವ್ವ ಕೂರುತ್ತಿದ್ದ ಬಾಗಿಲ ಮುಂದಿನ ಕಟ್ಟೆಯೂ ಹೋಯಿತು. ಅದರ ಸಂಕಟಕ್ಕೇ ಅವನು 'ಹುಲಿಗವ್ವನ ಕಟ್ಟೆ' ಎಂಬ ವೆಬ್‌ಸೈಟ್ ಮಾಡಿದ್ದ. ಹಳೆಯ ಫೋಟೋಗಳು, ಅವ್ವನ ದನಿಯಲ್ಲಿ ಬೀಸುಕಲ್ಲಿನ ಪದ, ಕೆಳಗೆ ಬಂಧುಬಳಗದ ನಾಲ್ಕು ಮಾತು. ಅವನ ಜೀವವೆಲ್ಲ ಅದರಲ್ಲೇ ಇತ್ತು.

"ಇನ್ನ ಕಂಡಕಂಡೋರು ಬರಿಯೂದು ಬಂದ್! ಬಾಗಿಲಾ ಹಚ್ಚತೀನಿ," ಎಂದು ಘೋಷಿಸಿದ.

"ಕುಂದ್ರೂ ಕಟ್ಟಿಗೆ ಎಂಥಾ ಬಾಗಿಲರಿ?" ಹೆಂಡತಿ ನೇತ್ರಾವತಿ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಅತ್ತಿ ಯಾರ ಬಂದ್ರೂ 'ಯಾರ ಪೈಕಿ?' ಅಂತಿದ್ರು. ಊರಾಗಿನ ಯಾರೋ ಗಾಳೆಪ್ಪನ ಪೈಕಿ ಅಂದ್ರ ಸಾಕು, ರೊಟ್ಟಿ ಬರ್ತಿತ್ತು."

"ನಾನೂ ಅದನ್ನ ಮಾಡಾಕತ್ತೀನಿ! ಗೂಗಲ್ ಅಕೌಂಟಿಲೆ ಒಳಗ ಬರೋ ಬಟನ್. ಇವರು ಯಾರ ಪೈಕಿ ಅಂತ ನಾವು ಗೂಗಲ್‌ಗೆ ಕೇಳೂದು, ಅದು ಗುರುತು ಹೇಳೂದು. ಹೊಸಾ ಪಾಸ್‌ವರ್ಡ್ ಯಾರೂ ನೆನಪಿಡೂದು ಬ್ಯಾಡ."

"ಹಳೇದನ್ನರ ಯಾರು ನೆನಪಿಟ್ಟಾರ?" ಎಂದಳು ಆಕೆ. (ಹೊಗೆ ಎದ್ದದ್ದು ಇಲ್ಲೇ. ನಮ್ಮ ಕಾಶಿನಾಥನ ಮೂಗಿಗೆ ಬಡಿಯಲಿಲ್ಲ.)

ಶನಿವಾರವೆಲ್ಲ ಯೂಟ್ಯೂಬ್ ಗುರುಗಳ ಪಾದಸೇವೆ ಮಾಡಿ, ಭಾನುವಾರ ಮಧ್ಯಾಹ್ನ ಕೊನೆಗೂ ಫೋನಿನಲ್ಲಿ ಬಟನ್ ಒತ್ತಿದ. ಬಾಗಿಲು ತೆರೆಯಿತು.

"ಬಂದೆ! ಒಳಗ ಬಂದೆ!"

"ಹೊರಗ ಯಾವಾಗ ಹೋಗಿದ್ರಿ?" ಅಡುಗೆಮನೆಯಿಂದ ಪ್ರಶ್ನೆ ಬಂತು.

ಕಾಶಿನಾಥನಿಗೆ ಕೇಳಿಸಲಿಲ್ಲ. ಎದುರಿಗೆ ಅವ್ವ ಕೂತಿದ್ದಳು. ಸಾಲಿ ಬಿಟ್ಟು ಓಡಿ ಬಂದರೆ ಅಂಗೈ ಮೇಲೆ ಬಿಸಿ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ ಇಟ್ಟು, "ಸಾವಕಾಶ ತಿನ್ನಪಾ" ಎನ್ನುತ್ತಿದ್ದ ಅವ್ವ. ಕಣ್ಣು ಒದ್ದೆಯಾದವು. ಆ ಭಾವಾವೇಶದಲ್ಲೇ ಬರೆದ: "ಹುಲಿಗವ್ವನ ಕೈ ಪುಂಡಿಪಲ್ಯದ ರುಚಿ ಈ ಮನ್ಯಾಗ ಇನ್ನೂ ಯಾರಿಗೂ ಬಂದಿಲ್ಲ." ಕೆಳಗೆ ಯಾರ ಹೆಸರು ಬಿತ್ತೆಂದು ನೋಡುವ ವ್ಯವಧಾನ ಅವನಿಗೆಲ್ಲಿತ್ತು?

ಸ್ವಲ್ಪ ಹೊತ್ತಿಗೆ ಹುಲಿಹೈದರದಿಂದ ಅವನ ಅಕ್ಕ ಕಳಕಮ್ಮನ ಫೋನು, ಅದೂ ನೇತ್ರಾವತಿಗೆ. ಕೈ ಹಿಟ್ಟಾಗಿದ್ದರಿಂದ ಆಕೆ ಸ್ಪೀಕರ್ ಹಾಕಿದಳು.

"ಏ ನೇತ್ರಾ, ಎಂಥಾ ದೊಡ್ಡ ಮನಸ್ಸವ್ವಾ ನಿಂದು! ಅತ್ತಿ ಕೈರುಚಿ ನನಗ ಬರಲಿಲ್ಲಂತ ಎಲ್ಲಾರ ಮುಂದ ಒಪ್ಪಿಕೊಂಡು ಬರದೀಯಲ್ಲ! ಓದಿ ಅತ್ತೇ ಬಿಟ್ಟೆ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ನಡೆದದ್ದು ಇಷ್ಟೇ. ಹೊಸ ಫೋನು ತಂದ ದಿನ ಕಾಶಿನಾಥ ತನ್ನ ಪಾಸ್‌ವರ್ಡ್ ನೆನಪಿಗೆ ಬಾರದೆ, ನೇತ್ರಾವತಿಯ ಅಕೌಂಟನ್ನೇ ಅದಕ್ಕೆ ಹಾಕಿಸಿಕೊಂಡಿದ್ದ. ವೆಬ್‌ಸೈಟ್ ಕಟ್ಟಿದ್ದೂ ಅದರ ಮೇಲೆಯೇ. ಗೂಗಲ್ ಪಾಪ, ಸತ್ಯವನ್ನೇ ಹೇಳಿತ್ತು.

ನೇತ್ರಾವತಿ ಕೂಗಾಡಲಿಲ್ಲ. ಕೈ ತೊಳೆದು, ತನ್ನ ಫೋನು ಹಿಡಿದು ಏನೋ ಒತ್ತಿದಳು. ಕಾಶಿನಾಥನ ಫೋನಿನಲ್ಲಿ ಅವ್ವ ಮಾಯವಾದಳು. 'ಪಾಸ್‌ವರ್ಡ್ ನಮೂದಿಸಿ' ಎಂಬ ಸಾಲು ಬಂತು.

"ಪಾಸ್‌ವರ್ಡ್ ಬದಲಿ ಮಾಡಿದೇನ? ಅದು ನಮ್ಮವ್ವನ ಕಟ್ಟಿ ಐತಿ!" ಅವನ ದನಿ ನಿಜಕ್ಕೂ ಒಡೆದಿತ್ತು.

ನೇತ್ರಾವತಿ ಅಡುಗೆಮನೆಯ ಹೊಸ್ತಿಲಿಗೆ ಬಂದು, ಥೇಟ್ ಹುಲಿಗವ್ವನ ಹಾಗೆ ಒಂದು ಕಾಲು ಮಡಚಿ ಕೂತು, ಸೆರಗು ತಲೆಗೆಳೆದುಕೊಂಡು ಕೇಳಿದಳು:

"ಯಾರ ಪೈಕಿ?"

ಕಾಶಿನಾಥ ಹೊಸ್ತಿಲ ಮುಂದೆ ಬಂದು ನಿಂತ.

"ನೇತ್ರಾವತಿ ಪೈಕಿರೀ..."

ರೊಟ್ಟಿ ಬಂತು. ಅದೇ, ಕರಕಾದದ್ದು.